ನೆಚ್ಚಿನ ತಾರೆ ಸಿಕ್ಕ ಕಥೆ ಹೇಳುತ್ತಾ ಇಂಗ್ಲಿಷ್ ವ್ಯಾಕರಣ ಕಲಿಯುವುದು: ಸಮಗ್ರ ಮಾರ್ಗದರ್ಶಿ

ಹಾಸನದಲ್ಲಿ ಭಾನುವಾರ ಬೆಳಿಗ್ಗೆ ನಾನು ಇಂಗ್ಲಿಷ್ ಮಾತುಗಾರಿಕೆ ಹೇಳಿಕೊಡುತ್ತೇನೆ. ಒಂದು ಭಾನುವಾರ ಡಿಗ್ರಿ ಓದುವ ಹುಡುಗಿಯೊಬ್ಬಳು ಮೊಬೈಲ್ ಎತ್ತಿ ಹಿಡಿದುಕೊಂಡೇ ಒಳಗೆ ಬಂದಳು. ಹಿಂದಿನ ದಿನ ಮೈಸೂರಿನ ಒಂದು ಅಂಗಡಿಯ ಉದ್ಘಾಟನೆಯಲ್ಲಿ ಅವಳ ನೆಚ್ಚಿನ ನಟ ಸಿಕ್ಕಿದ್ದರು. ಫೋಟೋ ತೋರಿಸುತ್ತಾ ಕನ್ನಡದಲ್ಲಿ ಹತ್ತು ನಿಮಿಷ ಉಸಿರು ಬಿಡದೆ ಹೇಳಿದಳು. ‘ಇದನ್ನೇ ಇಂಗ್ಲಿಷಿನಲ್ಲಿ ಹೇಳಮ್ಮ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಾಲ್ಕು ವಾಕ್ಯ ಹೇಳಿದಳು:

“ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಮೈಸೂರು. ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ ಓನ್ಲಿ. ದೇ ಆರ್ ವೆರಿ ಸಿಂಪಲ್. ದೇ ಟೋಲ್ಡ್ ಸ್ಟಡಿ ವೆಲ್.”

ನಾಲ್ಕರಲ್ಲೂ ತಪ್ಪಿತ್ತು. ಆದರೆ ಒಂದೂ ಸುಮ್ಮನೆ ಬಂದ ತಪ್ಪಲ್ಲ. ಪ್ರತಿಯೊಂದರ ಹಿಂದೆಯೂ ಸರಿಯಾದ, ಚೆಂದದ ಕನ್ನಡ ವಾಕ್ಯವೊಂದು ಕೂತಿತ್ತು. ‘ನಿನ್ನೆ ಮೈಸೂರಿಗೆ ಹೋಗಿದ್ದೆ. ನಿನ್ನೆ ತಾನೇ ನೋಡಿದ್ದೀನಿ. ಅವರು ತುಂಬಾ ಸಿಂಪಲ್. ಚೆನ್ನಾಗಿ ಓದು ಅಂದ್ರು.’ ಕನ್ನಡದ ಅಚ್ಚಿಗೆ ಇಂಗ್ಲಿಷ್ ಪದ ತುಂಬಿದ್ದಳು, ಅಷ್ಟೆ. ಆವತ್ತಿನಿಂದ ಈ ವಿಷಯವನ್ನೇ ಹಿಡಿದು ಪಾಠ ಮಾಡುತ್ತಿದ್ದೇನೆ. ಕಾರಣ ಇದೆ. ನೆಚ್ಚಿನ ವ್ಯಕ್ತಿ ಸಿಕ್ಕ ಕಥೆಯಲ್ಲಿ ಎಲ್ಲ ಕಾಲಗಳೂ ಬಂದುಹೋಗುತ್ತವೆ. ಎಷ್ಟು ವರ್ಷದಿಂದ ಅಭಿಮಾನಿ, ಆ ಹೊತ್ತಿಗೆ ನೀವು ಏನು ಮಾಡುತ್ತಿದ್ದಿರಿ, ಅವರು ಏನಂದರು, ಏನು ಕೇಳಬೇಕಿತ್ತು, ಇನ್ನೊಮ್ಮೆ ಸಿಕ್ಕರೆ ಏನು ಕೇಳುತ್ತೀರಿ. ಅದಕ್ಕಿಂತ ಮುಖ್ಯ, ಇದು ನಿಮಗೆ ಹೇಳಲೇಬೇಕು ಅನ್ನಿಸುವ ಕಥೆ. ಹೇಳುವ ಆಸೆ ಇದ್ದಾಗ ನಾಲಿಗೆ ತಾನಾಗಿ ಪದ ಹುಡುಕುತ್ತದೆ.

ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಓದುತ್ತಾ ಹೋದ ಹಾಗೆ ಒಂದು ನೋಟ್‌ಬುಕ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ. ಸ್ಪೆಲಿಂಗ್ ಅಭ್ಯಾಸವೂ ಆಗುತ್ತದೆ.

ಮೊದಲ ಹೆಜ್ಜೆ: ಕಥೆಯನ್ನು ಕನ್ನಡದಲ್ಲೇ ಹೇಳಿ

ನಿಜವಾಗಿ ಯಾರಾದರೂ ಸಿಕ್ಕಿದ್ದರೆ ಅದನ್ನೇ ತೆಗೆದುಕೊಳ್ಳಿ. ದೊಡ್ಡ ತಾರೆಯೇ ಆಗಬೇಕಿಲ್ಲ. ನಿಮ್ಮೂರಿನ ಜಾತ್ರೆಗೆ ಬಂದ ಗಾಯಕಿ, ಕಾಲೇಜಿಗೆ ಬಂದ ಲೇಖಕಿ, ರೈಲಿನಲ್ಲಿ ಎದುರು ಕೂತ ಯಕ್ಷಗಾನ ಕಲಾವಿದ, ಯಾರಾದರೂ ಸರಿ. ಯಾರೂ ಸಿಕ್ಕಿಲ್ಲ ಅಂದರೆ ಕಲ್ಪಿಸಿಕೊಳ್ಳಿ. ಕಲ್ಪನೆಯ ಭೇಟಿ ಆದರೆ ‘ಮೈ ಫೇವರಿಟ್ ಕ್ರಿಕೆಟರ್’, ‘ಮೈ ಫೇವರಿಟ್ ರೈಟರ್’ ಅನ್ನಿ, ಹೆಸರು ಬೇಡ. ನಡೆಯದ ಭೇಟಿಯನ್ನು, ಆಡದ ಮಾತನ್ನು ನಿಜವಾದ ವ್ಯಕ್ತಿಯ ಹೆಸರಿಗೆ ಅಂಟಿಸುವುದು ಅಭ್ಯಾಸಕ್ಕೂ ಸರಿಯಲ್ಲ.

ಫೋನಿನಲ್ಲಿ ಎರಡು ನಿಮಿಷ ಕನ್ನಡದಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಅದನ್ನು ಕೇಳಿ, ಬರೀ ಕ್ರಿಯಾಪದಗಳನ್ನು ಪಟ್ಟಿ ಮಾಡಿ: ಹೋಗಿದ್ದೆ, ನಿಂತಿದ್ದೆ, ಬಂದರು, ನಕ್ಕರು, ಅಂದರು, ಖುಷಿ ಆಯ್ತು. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮುಂದಿನ ಕೆಲಸವೆಲ್ಲ ಈ ಪಟ್ಟಿಯ ಮೇಲೇ ನಿಂತಿದೆ.

ಎರಡನೇ ಹೆಜ್ಜೆ: ಈ ಮಾತುಕತೆಯನ್ನು ಬಾಯಿಪಾಠ ಮಾಡದೆ, ಆಡಿ ನೋಡಿ

ಇಬ್ಬರು ಬೇಕು. ಒಬ್ಬರು ಗೆಳತಿ, ಇನ್ನೊಬ್ಬರು ಅಭಿಮಾನಿ. ಒಬ್ಬರೇ ಇದ್ದರೆ ಎರಡು ಕುರ್ಚಿ ಹಾಕಿಕೊಂಡು ಜಾಗ ಬದಲಿಸುತ್ತಾ ಮಾತಾಡಿ.

ಗೆಳತಿ: ಯು ಲುಕ್ ಸೋ ಹ್ಯಾಪಿ! ವಾಟ್ ಹ್ಯಾಪನ್ಡ್?

ಅಭಿಮಾನಿ: ಐ ಮೆಟ್ ಮೈ ಫೇವರಿಟ್ ಕ್ರಿಕೆಟರ್ ಯೆಸ್ಟರ್ಡೇ!

ಗೆಳತಿ: ರಿಯಲಿ? ವೇರ್ ಡಿಡ್ ಯು ಮೀಟ್ ಹಿಮ್?

ಅಭಿಮಾನಿ: ಅಟ್ ಎ ಬುಕ್‌ಶಾಪ್ ಇನ್ ಜಯನಗರ. ಐ ವಾಸ್ ಸ್ಟ್ಯಾಂಡಿಂಗ್ ಇನ್ ದ ಕ್ಯೂ ವೆನ್ ಎ ಮ್ಯಾನ್ ವಾಕ್ಡ್ ಇನ್. ದ ಮ್ಯಾನ್ ವಾಸ್ ವೇರಿಂಗ್ ಎ ಕ್ಯಾಪ್, ಸೋ ಐ ಡಿಡಂಟ್ ರೆಕಗ್ನೈಸ್ ಹಿಮ್ ಅಟ್ ಫಸ್ಟ್.

ಗೆಳತಿ: ಹೌ ಲಾಂಗ್ ಹ್ಯಾವ್ ಯು ಬೀನ್ ಹಿಸ್ ಫ್ಯಾನ್?

ಅಭಿಮಾನಿ: ಫಾರ್ ಟೆನ್ ಇಯರ್ಸ್. ಸಿನ್ಸ್ ಐ ವಾಸ್ ಇನ್ ಹೈಸ್ಕೂಲ್.

ಗೆಳತಿ: ಡಿಡ್ ಯು ಟಾಕ್ ಟು ಹಿಮ್?

ಅಭಿಮಾನಿ: ಐ ವಾಸ್ ನರ್ವಸ್, ಬಟ್ ಐ ಸೆಡ್ ಹಲೋ. ಹಿ ಆಸ್ಕ್ಡ್ ಮಿ ವಾಟ್ ಐ ವಾಸ್ ರೀಡಿಂಗ್.

ಗೆಳತಿ: ವಾಟ್ ವಾಸ್ ಹಿ ಲೈಕ್?

ಅಭಿಮಾನಿ: ಹಿ ವಾಸ್ ಕೈಂಡ್ ಅಂಡ್ ಡೌನ್ ಟು ಅರ್ತ್. ಹಿ ಟೋಲ್ಡ್ ಮಿ ಟು ಕೀಪ್ ರೀಡಿಂಗ್.

ಗೆಳತಿ: ಯು ಗಾಟ್ ಹಿಸ್ ಆಟೋಗ್ರಾಫ್, ಡಿಡಂಟ್ ಯು?

ಅಭಿಮಾನಿ: ನೋ! ಬೈ ದ ಟೈಮ್ ಐ ಫೌಂಡ್ ಎ ಪೆನ್, ಹಿ ಹ್ಯಾಡ್ ಲೆಫ್ಟ್. ಇಫ್ ಐ ಹ್ಯಾಡ್ ಕ್ಯಾರೀಡ್ ಎ ಪೆನ್, ಐ ವುಡ್ ಹ್ಯಾವ್ ಗಾಟ್ ಇಟ್.

ಗೆಳತಿ: ವಾಟ್ ವುಡ್ ಯು ಆಸ್ಕ್ ಹಿಮ್ ಇಫ್ ಯು ಮೆಟ್ ಹಿಮ್ ಅಗೇನ್?

ಅಭಿಮಾನಿ: ಐ ವುಡ್ ಆಸ್ಕ್ ಹಿಮ್ ಹೌ ಹಿ ಸ್ಟೇಸ್ ಸೋ ಕಾಮ್.

ಮೊದಲ ಸಲ ನೋಡಿಕೊಂಡು ಓದಿ. ಎರಡನೇ ಸಲ ಗೆಳತಿ ಮಾತ್ರ ನೋಡಲಿ, ಅಭಿಮಾನಿ ಪುಸ್ತಕ ಮುಚ್ಚಲಿ. ಮೂರನೇ ಸಲ ಇಬ್ಬರೂ ಮುಚ್ಚಿ. ಪದ ಆಚೀಚೆ ಆದರೆ ಪರವಾಗಿಲ್ಲ. ಗಮನ ಕ್ರಿಯಾಪದದ ಮೇಲಿರಲಿ.

ಮೂರನೇ ಹೆಜ್ಜೆ: ‘ಹೋಗಿದ್ದೆ’ ಮತ್ತು ‘ನೋಡಿದ್ದೀನಿ’, ಇವೆರಡನ್ನು ಮೊದಲು ಸರಿಮಾಡಿ

ನನ್ನ ತರಗತಿಯಲ್ಲಿ ಅತಿ ಜಾಸ್ತಿ ಕಿವಿಗೆ ಬೀಳುವ ತಪ್ಪುಗಳು ಇವೇ. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಕನ್ನಡದಲ್ಲಿ ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಅನ್ನುವುದು ತೀರಾ ಸಹಜ. ಹೋಗಿ, ಅಲ್ಲಿದ್ದು, ವಾಪಸ್ ಬಂದೆ ಅನ್ನುವ ಅರ್ಥ ಅದರೊಳಗೇ ಇದೆ. ‘ನಿನ್ನೆ ಮೈಸೂರಿಗೆ ಹೋದೆ’ ಅಂದರೆ ಕೇಳುವವರು ‘ಆಮೇಲೆ?’ ಅಂತ ಕಾಯುತ್ತಾರೆ. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಇಲ್ಲ. ಹೋದೆ, ಹೋಗಿದ್ದೆ ಎರಡಕ್ಕೂ ‘ಐ ವೆಂಟ್’ ಸಾಕು. ಏಳನೇ ಹೆಜ್ಜೆಯಲ್ಲಿ ಬರುವ ‘ಇಫ್’ ವಾಕ್ಯಗಳನ್ನು ಬಿಟ್ಟರೆ ‘ಹ್ಯಾಡ್ ಗಾನ್’ ಬೇಕಾಗುವುದು ಒಂದೇ ಕಡೆ. ಹಿಂದೆ ನಡೆದ ಎರಡು ಸಂಗತಿಗಳಿದ್ದು, ಅದರಲ್ಲಿ ಒಂದು ಇನ್ನೊಂದಕ್ಕಿಂತ ಮೊದಲೇ ಮುಗಿದಿತ್ತು ಅಂತ ತೋರಿಸಬೇಕಾದಾಗ. ಮೇಲಿನ ಮಾತುಕತೆಯಲ್ಲಿ ಪೆನ್ನಿನ ವಾಕ್ಯ ನೋಡಿ. ಪೆನ್ ಸಿಕ್ಕಿದ್ದು ಹಿಂದಿನ ಮಾತು. ಅವರು ಹೊರಟಿದ್ದು ಅದಕ್ಕೂ ಹಿಂದಿನ ಮಾತು. ಅದಕ್ಕೇ ‘ಹಿ ಹ್ಯಾಡ್ ಲೆಫ್ಟ್’. ಇನ್ನೊಂದು ಸಂಗತಿಯ ಆಸರೆ ಇಲ್ಲದೆ ‘ಹ್ಯಾಡ್’ ಬಂದರೆ ಅದನ್ನು ತೆಗೆದುಬಿಡಿ. ಹತ್ತರಲ್ಲಿ ಒಂಬತ್ತು ಸಲ ವಾಕ್ಯ ಸರಿಹೋಗುತ್ತದೆ.

‘ನಿಂತಿದ್ದೆ’ ಕೂಡ ಇದೇ ಥರ ದಾರಿ ತಪ್ಪಿಸುತ್ತದೆ. ‘ಕ್ಯೂನಲ್ಲಿ ನಿಂತಿದ್ದೆ, ಅಷ್ಟರಲ್ಲಿ ಅವರು ಬಂದರು’ ಅನ್ನುವುದನ್ನು ‘ಐ ಹ್ಯಾಡ್ ಸ್ಟುಡ್’ ಅಂತ ಮಾಡಬೇಡಿ. ನಡೆಯುತ್ತಾ ಇದ್ದ ಕೆಲಸದ ನಡುವೆ ಇನ್ನೊಂದು ನುಗ್ಗಿತು, ಅಲ್ವಾ? ನಡೆಯುತ್ತಿದ್ದದ್ದು ‘ವಾಸ್ ಸ್ಟ್ಯಾಂಡಿಂಗ್’. ನುಗ್ಗಿದ್ದು ‘ವಾಕ್ಡ್ ಇನ್’. ನಿಂತಿದ್ದೆ, ಕೂತಿದ್ದೆ, ಮಲಗಿದ್ದೆ, ಈ ಮೂರೂ ಇಂಥ ಕಡೆ ‘ವಾಸ್’ ಜೊತೆ ‘ಇಂಗ್’ ಕೇಳುತ್ತವೆ.

ಈಗ ‘ನೋಡಿದ್ದೀನಿ’. ‘ನಿನ್ನೆ ತಾನೇ ನೋಡಿದ್ದೀನಿ’ ಅಂತ ಕನ್ನಡದಲ್ಲಿ ಧಾರಾಳವಾಗಿ ಹೇಳುತ್ತೇವೆ. ಇಂಗ್ಲಿಷಿನ ‘ಹ್ಯಾವ್ ಸೀನ್’ ಮಾತ್ರ ಮುಗಿದುಹೋದ ಕಾಲದ ಪದವನ್ನು ಪಕ್ಕಕ್ಕೆ ಬಿಟ್ಟುಕೊಳ್ಳುವುದಿಲ್ಲ. ಯೆಸ್ಟರ್ಡೇ, ಲಾಸ್ಟ್ ವೀಕ್, ಇನ್ 2019, ಇವು ಬಂದರೆ ‘ಸಾ’ ಅನ್ನಬೇಕು. ಯಾವಾಗ ಅಂತ ಹೇಳದೆ ಬರೀ ಅನುಭವ ಹೇಳುವಾಗ ‘ಹ್ಯಾವ್ ಸೀನ್’.

ನಮ್ಮ ಹಾಸನದ್ದೇ ಉದಾಹರಣೆ ಕೊಡುತ್ತೇನೆ. “ಬಾನು ಮುಷ್ತಾಕ್ ಹ್ಯಾಸ್ ವನ್ ದ ಇಂಟರ್‌ನ್ಯಾಷನಲ್ ಬೂಕರ್ ಪ್ರೈಜ್.” ಸರಿ. “ಷಿ ವನ್ ಇಟ್ ಇನ್ 2025.” ಇದೂ ಸರಿ. “ಷಿ ಹ್ಯಾಸ್ ವನ್ ಇಟ್ ಇನ್ 2025.” ತಪ್ಪು. ವರ್ಷ ಬಂದ ಕೂಡಲೇ ‘ಹ್ಯಾಸ್’ ಬಿದ್ದುಹೋಗಬೇಕು. ಈ ಮೂರನ್ನು ಜೋರಾಗಿ ಐದು ಸಲ ಹೇಳಿ. ನಮ್ಮೂರಿನ ಲೇಖಕಿಯ ಹೆಸರು ಇರುವುದರಿಂದ ನನ್ನ ವಿದ್ಯಾರ್ಥಿನಿಯರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಮರೆಯುವುದೂ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಬದುಕು ಮುಗಿದವರ ಬಗ್ಗೆ, ಅಥವಾ ಮುಗಿದುಹೋದ ವೃತ್ತಿಯ ಬಗ್ಗೆ ಹೇಳುವಾಗ ಸಾಮಾನ್ಯವಾಗಿ ‘ಹ್ಯಾಸ್’ ಬರುವುದಿಲ್ಲ. ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡರು. ಹಾಗಾಗಿ “ಹಿ ಹ್ಯಾಸ್ ಆಕ್ಟೆಡ್ ಇನ್ ಓವರ್ ಟೂ ಹಂಡ್ರೆಡ್ ಫಿಲ್ಮ್ಸ್” ಅನ್ನುವಂತಿಲ್ಲ, “ಹಿ ಆಕ್ಟೆಡ್” ಅನ್ನಬೇಕು. ರಾಹುಲ್ ದ್ರಾವಿಡ್ ನಮ್ಮ ನಡುವೆ ಇದ್ದಾರೆ, ಆದರೆ ಟೆಸ್ಟ್ ಆಟ 2012ಕ್ಕೆ ಮುಗಿಯಿತು. ಅದಕ್ಕೇ “ಹಿ ಪ್ಲೇಯ್ಡ್ 164 ಟೆಸ್ಟ್ಸ್”. ಅನಿಲ್ ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ಇನಿಂಗ್ಸ್ ಕೂಡ “ಹಿ ಟುಕ್ ಆಲ್ ಟೆನ್ ವಿಕೆಟ್ಸ್”.

ನಾಲ್ಕನೇ ಹೆಜ್ಜೆ: ಗೌರವದ ‘ಅವರು’ ಇಂಗ್ಲಿಷಿನಲ್ಲಿ ‘ದೇ’ ಅಲ್ಲ

ಇದು ವ್ಯಾಕರಣಕ್ಕಿಂತ ಮನಸ್ಸಿನ ತಡೆ. ‘ಹಿ’ ಅಂದ ತಕ್ಷಣ ‘ಅವನು’ ಅಂದ ಹಾಗೆ ಕೇಳಿಸುತ್ತದೆ. ಅಷ್ಟು ದೊಡ್ಡವರನ್ನು ಏಕವಚನದಲ್ಲಿ ಕರೆಯುವುದಾ? ಆ ಹುಡುಗಿಗೂ ಇದೇ ಸಂಕೋಚ. ಎರಡನೇ ವಾಕ್ಯದಲ್ಲಿ ‘ಹಿಮ್’ ಅಂತ ಸರಿಯಾಗಿ ಹೇಳಿದವಳು, ನಾಲಿಗೆ ಕಚ್ಚಿಕೊಂಡು ಮುಂದಿನದರಲ್ಲಿ ‘ದೇ’ಗೆ ಹೋದಳು. ನಾನು ಆ ಕ್ಷಣವನ್ನು ಕಣ್ಣಾರೆ ನೋಡಿದೆ.

ಇಂಗ್ಲಿಷಿನಲ್ಲಿ ಗೌರವ ಸರ್ವನಾಮದಲ್ಲಿ ಕೂರುವುದಿಲ್ಲ. ರಾಷ್ಟ್ರಪತಿಗೂ ‘ಷಿ’, ಮನೆಯ ಪುಟ್ಟ ತಂಗಿಗೂ ‘ಷಿ’. ಗೌರವ ಬೇರೆ ಪದಗಳಲ್ಲಿ, ದನಿಯಲ್ಲಿ ಬರುತ್ತದೆ: “ಹಿ ವಾಸ್ ಕೈಂಡ್ ಎನಫ್ ಟು ವೇಟ್.” ಅಭ್ಯಾಸಕ್ಕೆ ನಿಮ್ಮ ಅಪ್ಪ, ಅಮ್ಮ, ಅಜ್ಜಿ, ನೆಚ್ಚಿನ ಟೀಚರ್ ಬಗ್ಗೆ ಐದೈದು ವಾಕ್ಯ ಹೇಳಿ. ಪ್ರತಿ ವಾಕ್ಯವೂ ‘ಹಿ’ ಅಥವಾ ‘ಷಿ’ಯಿಂದ ಶುರುವಾಗಲಿ. ಮೂರು ದಿನದಲ್ಲಿ ಸಂಕೋಚ ಹೋಗುತ್ತದೆ.

ಜೊತೆಗೆ ‘ಸಿಂಪಲ್’ ಬಗ್ಗೆ ಒಂದು ಮಾತು. ನಾವು ಹೊಗಳಿಕೆಗೆ ‘ತುಂಬಾ ಸಿಂಪಲ್ ಮನುಷ್ಯ’ ಅನ್ನುತ್ತೇವೆ. ಹೊರಗಿನವರ ಕಿವಿಗೆ ಅದು ಬುದ್ಧಿ ಸಾಲದವರು ಅಂದ ಹಾಗೆ ಕೇಳಿಸಬಹುದು. ‘ಡೌನ್ ಟು ಅರ್ತ್’ ಅನ್ನಿ. ಹಾಗೆಯೇ ‘ನಿನ್ನೆ ತಾನೇ’ ಅನ್ನುವುದು ‘ಯೆಸ್ಟರ್ಡೇ ಓನ್ಲಿ’ ಆಗುವುದಿಲ್ಲ. ‘ಜಸ್ಟ್ ಯೆಸ್ಟರ್ಡೇ’ ಅಥವಾ ‘ಓನ್ಲಿ ಯೆಸ್ಟರ್ಡೇ’.

ಐದನೇ ಹೆಜ್ಜೆ: ‘ಅಂತ’ ಬಿಚ್ಚುವುದು

ಕನ್ನಡದ ‘ಅಂತ’ ಎಷ್ಟು ಅನುಕೂಲದ ಪದ ನೋಡಿ. ಅವರು ಆಡಿದ ಮಾತನ್ನು ಹಾಗೇ ಎತ್ತಿ ಇಟ್ಟು, ಕೊನೆಗೆ ‘ಅಂತ’ ಸೇರಿಸಿದರೆ ಮುಗಿಯಿತು. ‘ಏನು ಓದ್ತಿದ್ದೀಯ ಅಂತ ಕೇಳಿದರು.’ ಇಂಗ್ಲಿಷಿನಲ್ಲಿ ಇದನ್ನೇ “ಹಿ ಆಸ್ಕ್ಡ್ ಮಿ ದಟ್ ವಾಟ್ ಆರ್ ಯು ರೀಡಿಂಗ್” ಅಂತ ಮಾಡಿದರೆ ಒಂದೇ ವಾಕ್ಯದಲ್ಲಿ ನಾಲ್ಕು ಕಡೆ ಎಡವಿದ ಹಾಗೆ.

ಒಂದೊಂದಾಗಿ ಬಿಚ್ಚಿ. ‘ದಟ್’ ಬೇಡ, ‘ವಾಟ್’ ಇದ್ದರೆ ಸಾಕು. ‘ಯು’ ಅಂದದ್ದು ಯಾರಿಗೆ? ನನಗೆ. ಈಗ ಹೇಳುತ್ತಿರುವವಳು ನಾನೇ, ಆದ್ದರಿಂದ ‘ಐ’. ಕೇಳಿದ್ದು ನಿನ್ನೆ, ಆದ್ದರಿಂದ ‘ಆರ್’ ಹೋಗಿ ‘ವಾಸ್’. ಇದು ಈಗ ಪ್ರಶ್ನೆಯಲ್ಲ, ಪ್ರಶ್ನೆಯ ವರದಿ. ಹಾಗಾಗಿ ‘ವಾಸ್ ಐ’ ಅಲ್ಲ, ‘ಐ ವಾಸ್’. ಒಟ್ಟು ಸೇರಿಸಿದರೆ “ಹಿ ಆಸ್ಕ್ಡ್ ಮಿ ವಾಟ್ ಐ ವಾಸ್ ರೀಡಿಂಗ್”.

ಸಲಹೆ, ಅಪ್ಪಣೆ ಇದ್ದರೆ ಇನ್ನೂ ಸುಲಭ. ‘ಚೆನ್ನಾಗಿ ಓದು ಅಂದರು’ ಅನ್ನುವುದಕ್ಕೆ “ಹಿ ಟೋಲ್ಡ್ ಮಿ ಟು ಸ್ಟಡಿ ವೆಲ್”. ‘ಟೋಲ್ಡ್’ ಆದ ಮೇಲೆ ಯಾರಿಗೆ ಅನ್ನುವುದು ಬರಲೇಬೇಕು: ಟೋಲ್ಡ್ ಮಿ, ಟೋಲ್ಡ್ ಅಸ್. ‘ಸೆಡ್’ಗೆ ಆ ಕಟ್ಟು ಇಲ್ಲ. ‘ಬೇಡ’ ಅಂದಿದ್ದರೆ ‘ಟು’ಗಿಂತ ಮೊದಲು ‘ನಾಟ್’ ಹಾಕಿ: “ಹಿ ಟೋಲ್ಡ್ ಮಿ ನಾಟ್ ಟು ವರಿ.”

ಮನೆಯಲ್ಲಿ ಹೀಗೆ ಅಭ್ಯಾಸ ಮಾಡಿ. ಇವತ್ತು ಅಮ್ಮ ನಿಮಗೆ ಹೇಳಿದ ಐದು ಮಾತು ಬರೆದುಕೊಳ್ಳಿ. ಊಟಕ್ಕೆ ಬಾ, ಲೈಟ್ ಆರಿಸು, ಎಷ್ಟು ಹೊತ್ತಿಗೆ ಬರ್ತೀಯ. ರಾತ್ರಿ ಅವನ್ನು ಗೆಳತಿಗೆ ವರದಿ ಒಪ್ಪಿಸಿ: “ಮೈ ಮದರ್ ಆಸ್ಕ್ಡ್ ಮಿ ವಾಟ್ ಟೈಮ್ ಐ ವುಡ್ ಬಿ ಬ್ಯಾಕ್.”

ಆರನೇ ಹೆಜ್ಜೆ: ಚಿಕ್ಕಪುಟ್ಟ ಕೊಂಡಿಗಳು

ಇವನ್ನು ಬೇಗ ಮುಗಿಸೋಣ. ‘ಹತ್ತು ವರ್ಷದಿಂದ’, ‘ಹೈಸ್ಕೂಲಿನಿಂದ’, ಎರಡಕ್ಕೂ ನಮಗೆ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಅಳತೆಗೆ ‘ಫಾರ್’, ಶುರುವಾದ ಗಳಿಗೆಗೆ ‘ಸಿನ್ಸ್’. “ಐ ಆಮ್ ಎ ಫ್ಯಾನ್ ಫ್ರಮ್ ಟೆನ್ ಇಯರ್ಸ್” ತಪ್ಪು, “ಐ ಹ್ಯಾವ್ ಬೀನ್ ಎ ಫ್ಯಾನ್ ಫಾರ್ ಟೆನ್ ಇಯರ್ಸ್” ಸರಿ.

ಪ್ರಶ್ನೆಯಲ್ಲಿ ‘ಡಿಡ್’ ಬಂದರೆ ಮುಂದಿನ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ. ‘ಡಿಡ್ ಯು ಮೆಟ್’ ಅಲ್ಲ, ‘ಡಿಡ್ ಯು ಮೀಟ್’. ನಮ್ಮ ‘ಅಲ್ವಾ’ ಎಲ್ಲ ವಾಕ್ಯಕ್ಕೂ ಹೊಂದುತ್ತದೆ. ಇಂಗ್ಲಿಷಿನಲ್ಲಿ ಅದು ವಾಕ್ಯ ನೋಡಿಕೊಂಡು ಬದಲಾಗುತ್ತದೆ: ಯು ಮೆಟ್ ಹಿಮ್, ಡಿಡಂಟ್ ಯು? ಹಿ ವಾಸ್ ಕೈಂಡ್, ವಾಸಂಟ್ ಹಿ? ಎಲ್ಲದಕ್ಕೂ ‘ಇಸಂಟ್ ಇಟ್’ ಅಂಟಿಸಬೇಡಿ.

‘ನನಗೆ ಖುಷಿ ಆಯ್ತು’, ‘ನನಗೆ ಅವರು ಇಷ್ಟ’, ಇಂಥ ಕಡೆ ಇಂಗ್ಲಿಷ್ ‘ಐ’ಯಿಂದಲೇ ಶುರುವಾಗುತ್ತದೆ. ಮನಸ್ಸಿಗೆ ಆದದ್ದು ‘ಎಕ್ಸೈಟೆಡ್’, ಹಾಗೆ ಮಾಡಿದ್ದು ‘ಎಕ್ಸೈಟಿಂಗ್’. ಭೇಟಿ ಎಕ್ಸೈಟಿಂಗ್, ನೀವು ಎಕ್ಸೈಟೆಡ್. ಮತ್ತೆ, ಮೊದಲ ಸಲ ಕಂಡ ಮನುಷ್ಯ ‘ಎ ಮ್ಯಾನ್’, ಅದೇ ಮನುಷ್ಯ ಎರಡನೇ ಸಲ ಮಾತಿಗೆ ಬಂದಾಗ ‘ದ ಮ್ಯಾನ್’. ‘ಒಬ್ಬ’ ಮತ್ತು ‘ಆ’ ಅಂತ ನೆನಪಿಟ್ಟುಕೊಳ್ಳಿ. ಪೂರ್ತಿ ಹೊಂದುವುದಿಲ್ಲ, ಆದರೆ ಕಥೆ ಹೇಳುವಾಗ ಕೈ ಹಿಡಿಯುತ್ತದೆ.

ಏಳನೇ ಹೆಜ್ಜೆ: ‘ಸಿಕ್ಕರೆ’ ಮತ್ತು ‘ಸಿಕ್ಕಿದ್ದರೆ’

‘ಸಿಕ್ಕಿದ್ದರೆ ಕೇಳ್ತಿದ್ದೆ’ ಅನ್ನುವುದು ತಪ್ಪಿಹೋದ ಅವಕಾಶ. ಅದಕ್ಕೆ ‘ಇಫ್ ಐ ಹ್ಯಾಡ್ ಮೆಟ್ ಹಿಮ್, ಐ ವುಡ್ ಹ್ಯಾವ್ ಆಸ್ಕ್ಡ್’. ಕನ್ನಡದವರಿಗೆ ಇದು ಕಷ್ಟವಲ್ಲ, ‘ಇದ್ದರೆ’ಗೆ ‘ಹ್ಯಾಡ್’ ಸರಿಯಾಗಿ ಕೂರುತ್ತದೆ. ಲಾರ್ಡ್ಸ್ ಮೈದಾನ ನೆನಪಿಸಿಕೊಳ್ಳಿ. 1996ರಲ್ಲಿ ದ್ರಾವಿಡ್ ತಮ್ಮ ಮೊದಲ ಟೆಸ್ಟ್‌ನಲ್ಲಿ 95 ರನ್ನಿಗೆ ಔಟಾದರು. “ಇಫ್ ಹಿ ಹ್ಯಾಡ್ ಸ್ಕೋರ್ಡ್ ಫೈವ್ ಮೋರ್ ರನ್ಸ್, ಹಿ ವುಡ್ ಹ್ಯಾವ್ ಮೇಡ್ ಎ ಸೆಂಚುರಿ.” ಈ ವಾಕ್ಯ ನಮ್ಮ ತರಗತಿಯ ಹುಡುಗರಿಗೆ ಒಂದೇ ಸಲಕ್ಕೆ ಬಂತು.

ತೊಡಕಿರುವುದು ‘ಸಿಕ್ಕರೆ’ಯಲ್ಲಿ. ಸಿಗುವ ಸಾಧ್ಯತೆ ಇದ್ದರೂ ಸಿಕ್ಕರೆ, ಬರೀ ಕನಸಾದರೂ ಸಿಕ್ಕರೆ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ನಾಳೆ ಅವರ ಕಾರ್ಯಕ್ರಮ ಇದೆ, ಟಿಕೆಟ್ ಕೈಯಲ್ಲಿದೆ: “ಇಫ್ ಐ ಮೀಟ್ ಹಿಮ್, ಐ ವಿಲ್ ಆಸ್ಕ್.” ಟಿಕೆಟ್ಟೂ ಇಲ್ಲ, ಬರೀ ಆಸೆ: “ಇಫ್ ಐ ಮೆಟ್ ಹಿಮ್, ಐ ವುಡ್ ಆಸ್ಕ್.” ಹೇಳುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ, ಟಿಕೆಟ್ ಇದೆಯಾ? ‘ಇಫ್ ಐ ವುಡ್ ಮೀಟ್’ ಮಾತ್ರ ಬೇಡ.

ಎಂಟನೇ ಹೆಜ್ಜೆ: ಮೂರು ನಿಮಿಷ, ಎರಡು ನಿಮಿಷ, ಒಂದು ನಿಮಿಷ

ಈಗ ನಿಮ್ಮದೇ ಕಥೆಗೆ ಬನ್ನಿ. ಫೋನಿನಲ್ಲಿ ಟೈಮರ್ ಇಟ್ಟು ಇಂಗ್ಲಿಷಿನಲ್ಲಿ ಮೂರು ನಿಮಿಷ ಹೇಳಿ. ಸ್ವಲ್ಪ ನೀರು ಕುಡಿದು, ಅದೇ ಕಥೆ ಎರಡು ನಿಮಿಷದಲ್ಲಿ. ಮತ್ತೆ ಒಂದು ನಿಮಿಷದಲ್ಲಿ. ಕಥೆ ಗೊತ್ತಿರುವುದರಿಂದ ಯೋಚನೆಯ ಭಾರ ಕಡಿಮೆಯಾಗಿ ನಾಲಿಗೆ ಚುರುಕಾಗುತ್ತದೆ. ಮೂರನ್ನೂ ರೆಕಾರ್ಡ್ ಮಾಡಿ.

ಕೇಳುವಾಗ ಎಲ್ಲ ತಪ್ಪನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ, ಧೈರ್ಯ ಕುಸಿಯುತ್ತದೆ. ಸೋಮವಾರ ಬರೀ ‘ಹ್ಯಾಡ್’ ಹುಡುಕಿ. ಮಂಗಳವಾರ ‘ದೇ’. ಬುಧವಾರ ‘ಅಂತ’ ಇರುವ ಜಾಗಗಳು. ಗುರುವಾರ ಪ್ರಶ್ನೆಗಳು, ಇದಕ್ಕೆ ಗೆಳತಿಯ ಪಾತ್ರ ನೀವೇ ಮಾಡಬೇಕು. ಶುಕ್ರವಾರ ‘ಇಫ್’. ಶನಿವಾರ ನಿಮ್ಮ ಗೆಳತಿಯ ಕಥೆಯನ್ನು ನೀವು ಹೇಳಿ. ‘ಐ’ ಎಲ್ಲ ‘ಷಿ’ ಆಗುತ್ತದೆ, ‘ಐ ಹ್ಯಾವ್’ ಇದ್ದಲ್ಲೆಲ್ಲ ‘ಷಿ ಹ್ಯಾಸ್’ ಆಗುತ್ತದೆ, ‘ವುಡ್ ಹ್ಯಾವ್’ ಮಾತ್ರ ಹಾಗೇ ಇರುತ್ತದೆ. ಇದು ಅಂದುಕೊಂಡದ್ದಕ್ಕಿಂತ ಕಷ್ಟ, ಅದಕ್ಕೇ ಕೊನೆಗೆ ಇಟ್ಟಿದ್ದೇನೆ.

ಮೈಸೂರಿಗೆ ಹೋಗಿದ್ದ ಆ ಹುಡುಗಿ ಎರಡು ವಾರ ಹೀಗೆ ಮಾಡಿದಳು. ಮೂರನೇ ಭಾನುವಾರ ಎದ್ದು ನಿಂತು ಹೇಳಿದ್ದು ಇದು:

“ಐ ವೆಂಟ್ ಟು ಮೈಸೂರು ಟೂ ವೀಕ್ಸ್ ಅಗೋ. ಐ ವಾಸ್ ಸ್ಟ್ಯಾಂಡಿಂಗ್ ನಿಯರ್ ದ ಗೇಟ್ ವೆನ್ ಹಿ ಕೇಮ್. ಹಿ ವಾಸ್ ವೆರಿ ಡೌನ್ ಟು ಅರ್ತ್. ಹಿ ಟೋಲ್ಡ್ ಮಿ ಟು ಸ್ಟಡಿ ವೆಲ್.”

‘ಹಿ’ ಅನ್ನುವಾಗ ಒಂದು ಕ್ಷಣ ತಡೆದಳು, ಆಮೇಲೆ ಧೈರ್ಯವಾಗಿ ಅಂದಳು. ಕೂರುವ ಮುಂಚೆ ಒಂದು ಪ್ರಶ್ನೆ ಕೇಳಿದಳು. ‘ಮಿಸ್, ಮತ್ತೆ ಸಿಕ್ಕರೆ ಅವರ ಹತ್ತಿರ ಇಂಗ್ಲಿಷಲ್ಲೇ ಮಾತಾಡ್ಲಾ?’ ಕನ್ನಡ ಬಲ್ಲವರ ಹತ್ತಿರ ಕನ್ನಡದಲ್ಲೇ ಮಾತಾಡು ಅಂದೆ. ಅಭಿಮಾನಿಗಳನ್ನು ದೇವರು ಅಂತ ಕರೆದ ರಾಜ್‌ಕುಮಾರ್ ಅವರ ನಾಡು ನಮ್ಮದು. ಕನ್ನಡ ಬಾರದ ಆಟಗಾರರೋ ಗಾಯಕರೋ ಸಿಕ್ಕರೆ ಮೂರು ವಾಕ್ಯ ಸಿದ್ಧ ಇಟ್ಟುಕೊಳ್ಳಿ: “ಐ ಹ್ಯಾವ್ ಬೀನ್ ಯುವರ್ ಫ್ಯಾನ್ ಸಿನ್ಸ್ ಐ ವಾಸ್ ಇನ್ ಸ್ಕೂಲ್. ಯುವರ್ ವರ್ಕ್ ಮೀನ್ಸ್ ಎ ಲಾಟ್ ಟು ಮಿ. ವುಡ್ ಯು ಮೈಂಡ್ ಸೈನಿಂಗ್ ದಿಸ್?” ಕೊನೆಯ ಪ್ರಶ್ನೆಗೆ ಅವರು ‘ನಾಟ್ ಅಟ್ ಆಲ್’ ಅಂದರೆ ಒಪ್ಪಿದರು ಅಂತ ಅರ್ಥ. ಪೆನ್ ಕೈಯಲ್ಲಿರಲಿ.